ಒಂದು ಎಕರೆಯ ಒಡೆತನ: ಬ್ರ್ಯಾಡ್‌ಫರ್ಡ್ ಬರೆದ ಪ್ಲಿಮತ್ ಚರಿತ್ರೆ

ನಮ್ಮಲ್ಲಿ ಕೆಲವರು ಸೇರಿ ಒಂದು ಸಹಕಾರಿ ಗೃಹನಿರ್ಮಾಣ ಸಂಘ ಕಟ್ಟಬೇಕೆಂದು ಮಾತಾಡಿಕೊಳ್ಳುತ್ತಿದ್ದ ದಿನಗಳು. ಒಂದು ಭಾನುವಾರ ಸಂಜೆ ಈ ಚರ್ಚೆ ಕಾವೇರಿದಾಗ ಹಿರಿಯ ಮಿತ್ರರೊಬ್ಬರು, "ಎಲ್ಲರ ಸೊತ್ತು ಎಂದರೆ ಯಾರ ಸೊತ್ತೂ ಅಲ್ಲ ಕಣ್ರೀ. ಇದು ಅಮೆರಿಕದಲ್ಲಿ 1623ರಷ್ಟು ಹಿಂದೆಯೇ ಸಾಬೀತಾಗಿದೆ. ಬ್ರ್ಯಾಡ್‌ಫರ್ಡ್ ಬರೆದಿಟ್ಟಿದ್ದಾನೆ, ಓದಿ ನೋಡಿ" ಎಂದು ಬಾಯಿ ಮುಚ್ಚಿಸಿದರು. ನಾನು ವಿಜ್ಞಾನದ ಪದವೀಧರ, ವೃತ್ತಿಯಿಂದ ಗುಮಾಸ್ತ. ಯಾರಾದರೂ 'ಕಡತದಲ್ಲಿದೆ' ಎಂದರೆ ಆ ಕಡತವನ್ನು ತರಿಸಿ ನೋಡದೆ ನಿದ್ರೆ ಬಾರದು. ಹಾಗೆ ಆ ಪುಸ್ತಕವನ್ನು ಹುಡುಕಿ ಓದಿದೆ. ಅದರ ಜೊತೆಗೆ, ಅದೇ ಊರಿನ ಹಳೆಯ ಭೂಮಿ ರಿಜಿಸ್ಟರಿನ ಮುದ್ರಿತ ಪ್ರತಿಯನ್ನೂ ನೋಡಿದೆ. ಮಿತ್ರರ ಮಾತು ಅರ್ಧ ನಿಜ. ಉಳಿದ ಅರ್ಧದ ಬಗ್ಗೆ ಈ ಲೇಖನ.

ಪುಸ್ತಕದ ಹೆಸರು 'ಪ್ಲಿಮತ್ ಪ್ಲಾಂಟೇಶನ್ ಕುರಿತು'. ಪ್ಲಾಂಟೇಶನ್ ಎಂದೊಡನೆ ನಮಗೆ ಕೊಡಗಿನ ಕಾಫಿ ತೋಟ ನೆನಪಾಗುತ್ತದೆ. ಆ ಕಾಲದ ಇಂಗ್ಲಿಷಿನಲ್ಲಿ ಈ ಮಾತಿಗೆ ಬೇರೆ ಅರ್ಥವಿತ್ತು. ಗಿಡವನ್ನು ನೆಡುವಂತೆ ಜನರನ್ನೇ ಒಯ್ದು ಹೊಸ ನೆಲದಲ್ಲಿ ನೆಡುವುದು ಪ್ಲಾಂಟೇಶನ್. ಹಾಗೆ ನೆಟ್ಟುಕೊಂಡವರು ಪ್ಲಾಂಟರುಗಳು. ಊರು ಬಿಟ್ಟು ಬಂದು ಬೇರೂರಲು ಹೆಣಗುವ ನಮ್ಮಂಥವರಿಗೆ ಈ ಅರ್ಥ ಬೇಗ ಹಿಡಿಸುತ್ತದೆ.

ಗ್ರಂಥಕರ್ತ ವಿಲಿಯಂ ಬ್ರ್ಯಾಡ್‌ಫರ್ಡ್ 1590ರಲ್ಲಿ ಇಂಗ್ಲೆಂಡಿನ ಆಸ್ಟರ್‌ಫೀಲ್ಡ್ ಎಂಬ ಹಳ್ಳಿಯಲ್ಲಿ ಹುಟ್ಟಿದವನು. ರಾಜನ ಚರ್ಚಿಗೆ ತಲೆಬಾಗಲೊಲ್ಲದೆ ಹಾಲೆಂಡಿಗೆ ಹೋಗಿ, ಅಲ್ಲಿಂದ ಬಂದವರ ಗುಂಪಿನೊಡನೆ 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಅಮೆರಿಕಕ್ಕೆ ತೆರಳಿದ. ಹಡಗಿನಲ್ಲಿದ್ದ 102 ಪ್ರಯಾಣಿಕರಲ್ಲಿ ಸುಮಾರು ಅರ್ಧದಷ್ಟು ಜನ ಮೊದಲ ಚಳಿಗಾಲದಲ್ಲೇ ತೀರಿಕೊಂಡರು. ಮೊದಲ ಗವರ್ನರ್ ಜಾನ್ ಕಾರ್ವರ್ 1621ರ ವಸಂತದಲ್ಲಿ ಸತ್ತಾಗ ಬ್ರ್ಯಾಡ್‌ಫರ್ಡನನ್ನು ಆರಿಸಿದರು. 1657ರಲ್ಲಿ ಸಾಯುವವರೆಗೆ ಹೆಚ್ಚಿನ ವರ್ಷಗಳಲ್ಲಿ ಅವನೇ ಗವರ್ನರ್. 1630ರಲ್ಲಿ ಈ ಚರಿತ್ರೆಯನ್ನು ಬರೆಯತೊಡಗಿ, 1646ರವರೆಗಿನ ಸಂಗತಿಗಳನ್ನು ದಾಖಲಿಸಿದ. ಅವನ ಜೀವಿತದಲ್ಲಿ ಇದು ಅಚ್ಚಾಗಲಿಲ್ಲ. ಹಸ್ತಪ್ರತಿ ಬಾಸ್ಟನ್ನಿನ ಒಂದು ಚರ್ಚಿನ ಗ್ರಂಥಭಂಡಾರದಲ್ಲಿತ್ತು. ಅಮೆರಿಕದ ಸ್ವಾತಂತ್ರ್ಯ ಸಮರದ ಗದ್ದಲದಲ್ಲಿ ಕಾಣೆಯಾಯಿತು. 1855ರಲ್ಲಿ ಅದು ಲಂಡನ್ ಬಿಷಪ್ಪರ ಫುಲ್ಹಮ್ ಅರಮನೆಯ ಪುಸ್ತಕ ಭಂಡಾರದಲ್ಲಿ ಪತ್ತೆಯಾಯಿತು. 1856ರಲ್ಲಿ ಪೂರ್ತಿಯಾಗಿ ಮುದ್ರಣವಾಯಿತು, 1897ರಲ್ಲಿ ಹಸ್ತಪ್ರತಿ ತನ್ನ ಊರಿಗೆ ಮರಳಿತು. ನಾನು ಓದಿದ್ದು ಸ್ಯಾಮ್ಯುಯೆಲ್ ಎಲಿಯಟ್ ಮಾರಿಸನ್ 1952ರಲ್ಲಿ ಸಂಪಾದಿಸಿದ ಆವೃತ್ತಿ. ಅದರಲ್ಲಿ ಕಾಗುಣಿತವನ್ನು ಇಂದಿನ ರೂಢಿಗೆ ತಂದಿರುವುದರಿಂದ ನಮ್ಮಂಥವರಿಗೂ ಓದಲು ಸುಲಭ.

ಈಗ ಮಿತ್ರರು ಹೇಳಿದ 1623ರ ವಿಷಯಕ್ಕೆ ಬರೋಣ. ಮೊದಲ ಕೆಲವು ವರ್ಷ ಪ್ಲಿಮತ್ತಿನಲ್ಲಿ ಎಲ್ಲರೂ ಕೂಡಿ ದುಡಿದು, ಬೆಳೆಯನ್ನು ಸಾಮಾನ್ಯ ಉಗ್ರಾಣಕ್ಕೆ ಹಾಕಿ, ಅಲ್ಲಿಂದ ಪಡಿ ಪಡೆಯುತ್ತಿದ್ದರು. ಹಸಿವು ಬಿಡಲಿಲ್ಲ. 1623ರ ವಸಂತದಲ್ಲಿ ಗವರ್ನರನು ಹಿರಿಯರೊಡನೆ ಸಮಾಲೋಚಿಸಿ, ಪ್ರತಿ ಕುಟುಂಬವೂ ತನ್ನ ಪಾಲಿಗೆ ತಾನೇ ಜೋಳ ಬೆಳೆದುಕೊಳ್ಳಲಿ ಎಂದು ತಲೆಯೆಣಿಕೆಯ ಪ್ರಕಾರ ನೆಲ ಹಂಚಿದ. ಒಂಟಿ ಹುಡುಗರನ್ನು ಯಾವುದಾದರೊಂದು ಕುಟುಂಬಕ್ಕೆ ಸೇರಿಸಿದ. ಅದುವರೆಗೆ ಮೈಗೆ ಆಗದೆಂದು ಕೂತಿದ್ದ ಹೆಂಗಸರೂ ಮಕ್ಕಳನ್ನು ಕಟ್ಟಿಕೊಂಡು ಹೊಲಕ್ಕೆ ಇಳಿದರಂತೆ. ಇಲ್ಲಿ ಬ್ರ್ಯಾಡ್‌ಫರ್ಡ್ ಪ್ಲೇಟೋನನ್ನು ಎಳೆತಂದು, ಸೊತ್ತೆಲ್ಲ ಸಾರ್ವಜನಿಕವಾದರೆ ನಾಡು ಸುಖವಾಗಿರುತ್ತದೆಂಬ ಮಾತು ಬರಿಯ ಹಮ್ಮು ಎಂದು ತೀರ್ಪು ಕೊಡುತ್ತಾನೆ. ಪರರ ಹೆಂಡಿರು ಮಕ್ಕಳಿಗಾಗಿ ಏಕೆ ದುಡಿಯಬೇಕೆಂದು ಯುವಕರು ಗೊಣಗಿದ್ದನ್ನೂ, ಪರರ ಬಟ್ಟೆ ಒಗೆಯುವುದು ಹೆಂಗಸರಿಗೆ ಜೀತವೆನಿಸಿದ್ದನ್ನೂ, ಕಿರಿಯರ ಸಮಕ್ಕೆ ಪಡಿ ಪಡೆಯುವುದು ಹಿರಿಯರಿಗೆ ಅವಮಾನವೆನಿಸಿದ್ದನ್ನೂ ಅವನು ಬಹಳ ಚೆನ್ನಾಗಿ ಬರೆಯುತ್ತಾನೆ. ಜಂಟಿ ಕುಟುಂಬದಲ್ಲಿ ಬೆಳೆದ ಯಾರಿಗಾದರೂ ಈ ಪುಟ ಓದಿದರೆ ನಗು ಬರುತ್ತದೆ, ಅಷ್ಟು ನಿಜವಾಗಿದೆ.

ಬರವಣಿಗೆ ಚೆನ್ನಾಗಿದೆ ಎಂದ ಮಾತ್ರಕ್ಕೆ ತರ್ಕ ಪೂರ್ತಿಯಾಯಿತೆಂದಲ್ಲ. ಪುಸ್ತಕದ ಬೇರೆ ಪುಟಗಳೇ ಮೂರು ಆಕ್ಷೇಪಣೆಗಳನ್ನು ಎತ್ತುತ್ತವೆ.

ಒಂದನೆಯದು, ಆ 'ಎಲ್ಲರ ಸೊತ್ತು' ಪ್ಲೇಟೋನ ಕನಸಿನಿಂದ ಹುಟ್ಟಿದ್ದಲ್ಲ, ಲಂಡನ್ನಿನ ವ್ಯಾಪಾರಿಗಳ ಕರಾರಿನಿಂದ ಹುಟ್ಟಿದ್ದು. ಪ್ರಯಾಣದ ಖರ್ಚಿಗೆ ಹಣ ಹಾಕಿದವರು ಥಾಮಸ್ ವೆಸ್ಟನ್ ಮೊದಲಾದ ಸಾಹಸೀ ವ್ಯಾಪಾರಿಗಳು. ಹತ್ತು ಪೌಂಡಿಗೆ ಒಂದು ಷೇರು; ಏಳು ವರ್ಷ ಎಲ್ಲ ದುಡಿಮೆಯೂ ಒಂದೇ ಲೆಕ್ಕಕ್ಕೆ; ಕೊನೆಯಲ್ಲಿ ಬಂಡವಾಳ, ಲಾಭಗಳ ಹಂಚಿಕೆ. ಮೊದಲ ಕರಡಿನಲ್ಲಿ ಮನೆ ಮತ್ತು ಹಿತ್ತಿಲು ಪ್ಲಾಂಟರುಗಳದೇ ಎಂದೂ, ವಾರದಲ್ಲಿ ಎರಡು ದಿನ ಅವರವರ ಕೆಲಸಕ್ಕೆ ಎಂದೂ ಇತ್ತು. ಹೊರಡುವ ಹೊತ್ತಿಗೆ ವ್ಯಾಪಾರಿಗಳು ಈ ಎರಡು ಷರತ್ತುಗಳನ್ನೂ ಹೊಡೆದು ಹಾಕಿದರು. ಪ್ಲಾಂಟರುಗಳು ಸಹಿ ಹಾಕದೆಯೇ ಹಡಗು ಹತ್ತಿದರು. 1621ರ ಕೊನೆಯಲ್ಲಿ ಫಾರ್ಚೂನ್ ಹಡಗಿನಲ್ಲಿ ಬಂದ ರಾಬರ್ಟ್ ಕುಷ್ಮನ್ ಒಪ್ಪಿಸಿದ ಮೇಲೆ ಸಹಿ ಹಾಕಿದರು. ಅಂದಮೇಲೆ 1623ರಲ್ಲಿ ಗೊಣಗಿದವರು ನೆರೆಯವನಿಗಾಗಿ ಮಾತ್ರವಲ್ಲ, ಸಮುದ್ರದಾಚೆಯ ಷೇರುದಾರನಿಗಾಗಿಯೂ ದುಡಿಯುತ್ತಿದ್ದವರು. ಇದನ್ನು ಸಮತಾವಾದದ ಸೋಲು ಎಂದು ಕರೆಯುವ ಬದಲು ಒಂದು ಕೆಟ್ಟ ಕಂಪನಿ ಕರಾರಿನ ಸೋಲು ಎಂದರೂ ತಪ್ಪಾಗದು. ಆ ಕರಾರಿನ ಕಥೆಯನ್ನು ಬ್ರ್ಯಾಡ್‌ಫರ್ಡನೇ ವಿವರವಾಗಿ ಬರೆದಿದ್ದಾನೆ. ಆದರೆ ಪ್ಲೇಟೋನನ್ನು ಬಯ್ಯುವಾಗ ಅದನ್ನು ನೆನೆಯುವುದಿಲ್ಲ.

ಎರಡನೆಯದು ಪ್ರಯೋಗಶಾಲೆಯ ಆಕ್ಷೇಪಣೆ. ಒಂದು ಪ್ರಯೋಗದಲ್ಲಿ ನಾಲ್ಕು ಅಂಶಗಳು ಬದಲಾಗಿದ್ದಾಗ ಫಲಿತಾಂಶವನ್ನು ಒಂದೇ ಅಂಶಕ್ಕೆ ಕಟ್ಟುವುದು ಸರಿಯಲ್ಲವೆಂದು ನಮಗೆ ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು. 1621ರಲ್ಲಿ ಅವರಿಗೆ ಆ ನೆಲದ ಬೆಳೆಯೇ ಹೊಸದು. ಮೀನು ಗೊಬ್ಬರ ಹಾಕಿ ಜೋಳ ಬೆಳೆಯುವುದನ್ನು ಟಿಸ್ಕ್ವಾಂಟಮ್ ಎಂಬ ಸ್ಥಳೀಯನು ಕಲಿಸಿದ. ಆ ವರ್ಷದ ಕೊನೆಗೆ ಫಾರ್ಚೂನ್ ಹಡಗು 35 ಹೊಸ ಬಾಯಿಗಳನ್ನು ಇಳಿಸಿತು, ತಿನ್ನಲು ಏನನ್ನೂ ತರಲಿಲ್ಲ; ಎಲ್ಲರ ಪಡಿಯೂ ಅರ್ಧಕ್ಕೆ ಇಳಿಯಿತು. 1622ರಲ್ಲಿ ವೆಸ್ಟನ್ ಕಳಿಸಿದ ಅರವತ್ತು ಮಂದಿ ಬಂದು ಬೇಸಿಗೆಯೆಲ್ಲ ಅಲ್ಲೇ ಬೀಡುಬಿಟ್ಟರು. 1623ರ ಹೊತ್ತಿಗೆ ಕೈ ಪಳಗಿತ್ತು. ಆ ವರ್ಷವೂ ಮೇ ತಿಂಗಳಿಂದ ಜುಲೈ ನಡುವಿನವರೆಗೆ ಮಳೆ ಕೈಕೊಟ್ಟು ಪೈರು ಬಾಡತೊಡಗಿತ್ತು, ಆಮೇಲೆ ಹದವಾದ ಮಳೆ ಬಂತು. ಸ್ವಂತ ಪಾಲಿನ ಹುರುಪು ಬೆಳೆ ಹೆಚ್ಚಿಸಿತೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅನುಭವಕ್ಕೂ ಮಳೆಗೂ ಸಲ್ಲಬೇಕಾದ ಪಾಲು ಸಲ್ಲಬೇಕು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. 1623ರಲ್ಲಿ ಕೊಟ್ಟದ್ದು ಒಡೆತನವಲ್ಲ, ಆ ವರ್ಷದ ಸಾಗುವಳಿ ಮಾತ್ರ. ಮಕ್ಕಳಿಗೆ ಬಿಟ್ಟುಹೋಗುವ ಹಕ್ಕು ಇಲ್ಲವೆಂದು ಬ್ರ್ಯಾಡ್‌ಫರ್ಡ್ ಅಲ್ಲೇ ಸ್ಪಷ್ಟಪಡಿಸುತ್ತಾನೆ. ಪ್ರತಿವರ್ಷ ಚೀಟಿ ಎತ್ತಿ ನೆಲ ಬದಲಾಯಿಸುವುದರಿಂದ ಒಬ್ಬ ಹಸನು ಮಾಡಿದ ಹೊಲ ಮರುವರ್ಷ ಇನ್ನೊಬ್ಬನ ಪಾಲಾಗುತ್ತದೆಂದು ಜನ ಅಹವಾಲು ಹೇಳಿಕೊಂಡ ಮೇಲೆ, 1624ರಲ್ಲಿ ತಲೆಗೆ ಒಂದು ಎಕರೆಯಂತೆ ಖಾಯಂ ಆಗಿ ಕೊಟ್ಟರು. ಒಂದೇ ಎಕರೆ, ನಮ್ಮ ಲೆಕ್ಕದಲ್ಲಿ ನಲವತ್ತು ಗುಂಟೆ. ಅದೂ ಊರಿಗೆ ಆದಷ್ಟು ಹತ್ತಿರ. ಏಳು ವರ್ಷದ ಅವಧಿ ಮುಗಿಯುವವರೆಗೆ ಅದಕ್ಕಿಂತ ಹೆಚ್ಚಿಲ್ಲ. ಜನ ಚದುರಬಾರದು, ಕೂಡಿಯೇ ಇರಬೇಕು ಎಂಬುದು ಉದ್ದೇಶ.

ಈ ಹಂಚಿಕೆಯ ಪಟ್ಟಿಯೇ ನಾನು ನೋಡಿದ ರಿಜಿಸ್ಟರು. ಅದರ ಮೇಲೆ 1623 ಎಂದಿದೆ. ಆಗ ಇಂಗ್ಲೆಂಡಿನಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ ತೊಡಗುತ್ತಿದ್ದುದರಿಂದ ನಮ್ಮ ಲೆಕ್ಕದ 1624ರ ಮೊದಲ ತಿಂಗಳುಗಳೂ ಅದರಲ್ಲಿ ಸೇರುತ್ತವೆ. ಮೊದಲ ಹಾಳೆಯಲ್ಲಿ 1620ರ ಮನೆ ನಿವೇಶನಗಳ ಒಂದು ಅಪೂರ್ಣ ನಕ್ಷೆಯಿದೆ. ಬೀದಿಯ ಒಂದೇ ಬದಿಗೆ ಏಳು ಹೆಸರು: ಪೀಟರ್ ಬ್ರೌನ್, ಜಾನ್ ಗುಡ್‌ಮನ್, ವಿಲಿಯಂ ಬ್ರೂಸ್ಟರ್, ಜಾನ್ ಬಿಲಿಂಗ್ಟನ್, ಐಸಾಕ್ ಆಲರ್ಟನ್, ಫ್ರಾನ್ಸಿಸ್ ಕುಕ್, ಎಡ್ವರ್ಡ್ ವಿನ್ಸ್ಲೋ. ಎದುರು ಬದಿ ಖಾಲಿ. ಆ ನಿವೇಶನಗಳ ಅಳತೆ 1622ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಇನ್ನೊಂದು ವೃತ್ತಾಂತದಲ್ಲಿದೆ. ಹತ್ತೊಂಬತ್ತು ಕುಟುಂಬಗಳು, ತಲೆಗೆ ಅರ್ಧ ಕೋಲು ಅಗಲ, ಮೂರು ಕೋಲು ಉದ್ದ. ಅಂದರೆ ಸುಮಾರು ಎಂಟು ಅಡಿ ಅಗಲ, ಐವತ್ತು ಅಡಿ ಉದ್ದ. ಮಹಾನಗರದ ಎರಡು ಕೋಣೆಗಳಲ್ಲಿ ಸಂಸಾರ ನಡೆಸುವ ನಮಗೆ ಈ ಅಳತೆಯನ್ನು ಯಾರೂ ವಿವರಿಸಬೇಕಾಗಿಲ್ಲ.

ನಕ್ಷೆಯ ಮುಂದೆ ಎಕರೆಗಳ ಪಟ್ಟಿ, ಬಂದ ಹಡಗಿನ ಕ್ರಮದಲ್ಲಿ: ಮೇಫ್ಲವರ್, ಫಾರ್ಚೂನ್, 1623ರಲ್ಲಿ ಬಂದ ಆನ್. ಆಲರ್ಟನ್ ಮನೆಗೆ ಏಳು ಎಕರೆ, ಬ್ರೂಸ್ಟರ್ ಮನೆಗೆ ಆರು, ಗವರ್ನರ್ ಬ್ರ್ಯಾಡ್‌ಫರ್ಡನಿಗೆ ಮೂರು. ಬಿಲಿಂಗ್ಟನ್ನಿಗೂ ಮೂರು. ಈ ಬಿಲಿಂಗ್ಟನ್ ಮನೆತನವನ್ನು ಬ್ರ್ಯಾಡ್‌ಫರ್ಡ್ ತನ್ನ ಪುಸ್ತಕದಲ್ಲಿ ಕಟುವಾಗಿ ಹಳಿಯುತ್ತಾನೆ, ಇವರು ನಮ್ಮ ಗುಂಪಿನಲ್ಲಿ ಹೇಗೆ ಸೇರಿಕೊಂಡರೋ ಎನ್ನುತ್ತಾನೆ. 1630ರಲ್ಲಿ ಕೊಲೆ ಮಾಡಿದ್ದಕ್ಕಾಗಿ ಅವನನ್ನು ಗಲ್ಲಿಗೇರಿಸಿದ್ದೂ ಪ್ಲಿಮತ್ತೇ. ಆದರೆ ನೆಲ ಹಂಚುವಾಗ ಗವರ್ನರನು ತನಗೂ ತನಗಾಗದವನಿಗೂ ಒಂದೇ ಅಳತೆಗೋಲು ಹಿಡಿದ. ಪುಸ್ತಕದಲ್ಲಿ ಬ್ರ್ಯಾಡ್‌ಫರ್ಡ್ ತನ್ನನ್ನು ಎಲ್ಲೂ ಹೊಗಳಿಕೊಳ್ಳುವುದಿಲ್ಲ. ಈ ಪಟ್ಟಿಯ ಎರಡು ಸಾಲು ಅವನನ್ನು ಹೊಗಳುತ್ತವೆ.

ಇನ್ನೊಂದು ಕುತೂಹಲ. ಜಾನ್ ಗುಡ್‌ಮನ್ ಬಂದ ಹೊಸದರಲ್ಲೇ ರೋಗದಿಂದ ಸತ್ತನೆಂದು ಬ್ರ್ಯಾಡ್‌ಫರ್ಡ್ ಮುಪ್ಪಿನಲ್ಲಿ ಬರೆದ ಅನುಬಂಧದಲ್ಲಿ ಹೇಳುತ್ತಾನೆ. ಎಕರೆಗಳ ಪಟ್ಟಿಯಲ್ಲೋ ಗುಡ್‌ಮನ್ ಹೆಸರಿದೆ! ಸತ್ತವನಿಗೆ ಎಕರೆ ಬರೆಯುವ ಪದ್ಧತಿ ಅಲ್ಲಿ ಇದ್ದಂತಿಲ್ಲ. ಮೂವತ್ತು ವರ್ಷಗಳ ನಂತರದ ನೆನಪಿಗಿಂತ ಅಂದಂದಿನ ರಿಜಿಸ್ಟರನ್ನು ನಂಬುವವನು ನಾನು. ಇನ್ನು ಮೇರಿ ಚಿಲ್ಟನ್ ಎಂಬ ಹುಡುಗಿ. ಮೊದಲ ಚಳಿಗಾಲದಲ್ಲೇ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡವಳು. ಹ್ಯುಮಿಲಿಟಿ ಕೂಪರ್ ಇನ್ನೂ ಚಿಕ್ಕ ಕೂಸು. ಕರೆತಂದ ಬಂಧುಗಳು ತೀರಿಕೊಂಡಿದ್ದರು. ಇಬ್ಬರ ಹೆಸರೂ ಪಟ್ಟಿಯಲ್ಲಿ ಸ್ವತಂತ್ರವಾಗಿ ನಿಂತಿವೆ. ಅನಾಥ ಹೆಣ್ಣುಮಕ್ಕಳ ಪಾಲನ್ನು ಯಾವ ಚಿಕ್ಕಪ್ಪನೂ ತನ್ನ ಹೆಸರಿಗೆ ಬರೆಸಿಕೊಳ್ಳಲಿಲ್ಲ. ಬ್ರ್ಯಾಡ್‌ಫರ್ಡನ ಚರಿತ್ರೆಯ ನಡುಭಾಗದಲ್ಲಿ ಈ ಮಕ್ಕಳಿಗೆ ಜಾಗವಿಲ್ಲ, ರಿಜಿಸ್ಟರಿನಲ್ಲಿದೆ.

ಮತ್ತೊಂದು ಹೆಸರು ನನ್ನನ್ನು ಬಹಳ ಹೊತ್ತು ನಿಲ್ಲಿಸಿತು. ಹೌಲಂಡ್ ಮತ್ತು ಹಾಪ್ಕಿನ್ಸ್ ಇಬ್ಬರ ಹೊಲಗಳ ನಡುವೆ 'ಹಾಬಮಾಕನ ನೆಲ' ಎಂದು ಬರೆದಿದೆ. ಹಾಬಮಾಕ್ ವಾಂಪನೋಗ್ ಜನಾಂಗದ ವೀರ; ಪ್ಲಿಮತ್ತಿನಲ್ಲೇ ನೆಲಸಿ ಕೊನೆಯವರೆಗೆ ಇವರಿಗೆ ನಿಷ್ಠನಾಗಿದ್ದವನು. ಇಂಗ್ಲಿಷರ ಎಕರೆಗಳ ಪಟ್ಟಿಯಲ್ಲಿ ಆ ಮಣ್ಣಿನ ಮಗನೊಬ್ಬನ ಹೆಸರು, ಅವರು ಗುರುತಿಸಿಕೊಟ್ಟ ತುಂಡಿನ ಮುಂದೆ!

ಅದಕ್ಕೂ ಮೊದಲು ಆ ನೆಲ ಯಾರದು? ಅಲ್ಲಿ ಪಟುಕ್ಸೆಟ್ ಎಂಬ ವಾಂಪನೋಗ್ ಊರಿತ್ತು. 1616ರಿಂದ 1619ರವರೆಗೆ ಹಬ್ಬಿದ ಸಾಂಕ್ರಾಮಿಕ ರೋಗದಲ್ಲಿ ಆ ಊರು ಅಳಿಯಿತು. ಟಿಸ್ಕ್ವಾಂಟಮ್ ಆ ಊರಿನವನೇ. 1614ರಲ್ಲಿ ಇಂಗ್ಲಿಷ್ ನಾವಿಕನೊಬ್ಬ ಅವನನ್ನು ಹಿಡಿದೊಯ್ದು ಸ್ಪೇನಿನಲ್ಲಿ ಮಾರಲು ನೋಡಿದ. ಇಂಗ್ಲೆಂಡಿನ ಮೂಲಕ ಹೇಗೋ ಮರಳಿ ಬರುವಷ್ಟರಲ್ಲಿ ಊರೇ ಇರಲಿಲ್ಲ. ಪ್ಲಿಮತ್ತಿನವರು ಅಲ್ಲಿ ಇಳಿಯಲು ಒಂದು ಕಾರಣ, ಕಾಡು ಕಡಿಯದೆ ಸಿಕ್ಕ ಹಸನಾದ ಹೊಲಗಳು. ಮೊದಲ ಬಿತ್ತನೆಯ ಬೀಜವೂ ಕೇಪ್ ಕಾಡ್‌ನಲ್ಲಿ ಸ್ಥಳೀಯರು ಹೂತಿಟ್ಟಿದ್ದ ಜೋಳವನ್ನು ಅಗೆದು ತೆಗೆದದ್ದು. ಅದರ ಬೆಲೆಯನ್ನು ಆಮೇಲೆ ಕೊಟ್ಟೆವೆಂದು ಬ್ರ್ಯಾಡ್‌ಫರ್ಡ್ ಬರೆಯುತ್ತಾನೆ. ಹೂಳದೆ ಉಳಿದ ತಲೆಬುರುಡೆ, ಮೂಳೆಗಳನ್ನು ತನ್ನವರು ಕಂಡದ್ದನ್ನೂ ಮರುಕದಿಂದಲೇ ದಾಖಲಿಸುತ್ತಾನೆ. ಆದರೆ 1621ರ ಮಾರ್ಚಿಯಲ್ಲಿ ನಾಯಕ ಮ್ಯಾಸಸಾಯಿಟನೊಡನೆ ಆದ ಒಪ್ಪಂದದ ಕಲಮುಗಳನ್ನು ಒಂದೊಂದಾಗಿ ನೋಡಿ. ಹೊಡೆದಾಟ, ಕಳವು, ಯುದ್ಧದಲ್ಲಿ ಪರಸ್ಪರ ನೆರವು, ಬಿಲ್ಲು ಬಾಣ ಹೊರಗಿಟ್ಟು ಬರುವುದು, ಇವೆಲ್ಲ ಇವೆ. ನೆಲದ ಮಾತಿಲ್ಲ. ನೆಲದ ಪತ್ರ ಬಂದದ್ದು ಫಾರ್ಚೂನ್ ಹಡಗಿನಲ್ಲಿ: ರಾಜ ಜೇಮ್ಸ್ ಒಂದು ಮಂಡಳಿಗೆ ಕೊಟ್ಟ, ಮಂಡಳಿ 1621ರಲ್ಲಿ ಇವರಿಗೆ ಕೊಟ್ಟಿತು. ಕೊಟ್ಟವರಲ್ಲಿ ಯಾರೂ ಆ ನೆಲವನ್ನು ಕಂಡವರಲ್ಲ. ನೆಲದ ಚೀಟಿ ಎತ್ತಿದ ದಿನಗಳನ್ನು ಅಷ್ಟು ಚೊಕ್ಕವಾಗಿ ಬರೆದವನಿಗೆ ಈ ಪ್ರಶ್ನೆ ಪ್ರಶ್ನೆಯಾಗಿ ಕಾಣಲೇ ಇಲ್ಲ. ನನ್ನ ದೃಷ್ಟಿಯಲ್ಲಿ ಈ ಗ್ರಂಥದ ದೊಡ್ಡ ಕೊರತೆ ಇದೇ. 1637ರಲ್ಲಿ ಪೀಕ್ವಾಟ್ ಜನರ ಕೋಟೆಯನ್ನು ಹೆಂಗಸರು ಮಕ್ಕಳ ಸಮೇತ ಸುಟ್ಟದ್ದನ್ನು ದೇವರಿಗೆ ಪ್ರಿಯವಾದ ಬಲಿಯೆಂಬ ಧಾಟಿಯಲ್ಲಿ ಬರೆಯುವಾಗ ಅವನ ಮರುಕವೂ ಬತ್ತಿಹೋಗಿದೆ. ಮ್ಯಾಸಸಾಯಿಟನ ಮಗ ಮೆಟಕಾಮ್ 1675ರಲ್ಲಿ ತಿರುಗಿಬಿದ್ದು, 1676ರಲ್ಲಿ ಕೊಲ್ಲಲ್ಪಟ್ಟು, ಅವನ ತಲೆಯನ್ನು ಪ್ಲಿಮತ್ತಿನಲ್ಲೇ ಕಂಬಕ್ಕೇರಿಸಿದ್ದನ್ನು ನೋಡಲು ಬ್ರ್ಯಾಡ್‌ಫರ್ಡ್ ಬದುಕಿರಲಿಲ್ಲ. ಅದೇ ಊರಿನ ಪಕ್ಕದಲ್ಲಿ 1947ರಲ್ಲಿ ಸ್ಥಾಪಿತವಾದ ವಸ್ತುಸಂಗ್ರಹಾಲಯ 2020ರಲ್ಲಿ ತನ್ನ ಹೆಸರಿನ 'ಪ್ಲಾಂಟೇಶನ್' ತೆಗೆದು 'ಪಟುಕ್ಸೆಟ್' ಸೇರಿಸಿಕೊಂಡಿತು. ನಾಲ್ಕು ನೂರು ವರ್ಷಗಳ ನಂತರವಾದರೂ ರಿಜಿಸ್ಟರಿಗೆ ಒಂದು ತಿದ್ದುಪಡಿ ಆಯಿತೆನ್ನಬೇಕು.

ಇನ್ನು ಮಿತ್ರರು ಓದದೆ ಬಿಟ್ಟ ಉತ್ತರಾರ್ಧ. 1627ರ ಹೊತ್ತಿಗೆ ಪ್ಲಾಂಟರುಗಳು ಲಂಡನ್ನಿನವರ ಷೇರುಗಳನ್ನು 1800 ಪೌಂಡಿಗೆ, ವರ್ಷಕ್ಕೆ 200ರಂತೆ ಕಂತಿನಲ್ಲಿ ಕೊಂಡುಕೊಂಡರು. ಆ ಸಾಲದ ಬಾಲ 1640ರ ದಶಕದವರೆಗೂ ಕಾಡಿತು. ಆಗ ಷೇರಿಗೆ ಇಪ್ಪತ್ತು ಎಕರೆಯಂತೆ ಎರಡನೆಯ ಹಂಚಿಕೆಯಾಯಿತು. ಆರು ಜನರಿಗೆ ಒಂದು ಹಸು, ಎರಡು ಆಡು. ಮನೆಯ ಯಜಮಾನನಿಗೆ ಹೆಂಡತಿ ಮಕ್ಕಳ ಲೆಕ್ಕದಲ್ಲಿ ಪಾಲು. ಆಳುಗಳಿಗೆ ಪಾಲಿಲ್ಲ, ಧಣಿ ಮನಸ್ಸು ಮಾಡಿ ಕೊಟ್ಟರೆ ಉಂಟು. ಆದರೆ ಒಂದು ಸೊಗಸಾದ ಷರತ್ತೂ ಇತ್ತು: ಊರಿಗೆ ಹತ್ತಿರದ ನೆಲ ಯಾರ ಚೀಟಿಗೆ ಬರುತ್ತದೋ ಅವರು ತಮಗೆ ಬೇಕಾದ ಒಬ್ಬಿಬ್ಬರು ನೆರೆಯವರನ್ನು ನಾಲ್ಕು ವರ್ಷ ಅದರಲ್ಲಿ ಬೆಳೆಯಲು ಬಿಡಬೇಕು. ಖಾಸಗಿ ಒಡೆತನವನ್ನು ಎತ್ತಿಹಿಡಿದ ಪುಸ್ತಕದಲ್ಲೇ ಈ ಸಾಲೂ ಇದೆ.

ಆಮೇಲೆ ಪಕ್ಕದ ಮ್ಯಾಸಚೂಸೆಟ್ಸಿಗೆ ಜನ ಸಾವಿರಗಟ್ಟಲೆ ಬರತೊಡಗಿ, ದನಕ್ಕೂ ಜೋಳಕ್ಕೂ ಬೆಲೆ ಏರಿತು. ಎಲ್ಲರಿಗೂ ಹೆಚ್ಚು ದನ, ದನಕ್ಕೆ ಹೆಚ್ಚು ಹುಲ್ಲು, ಹುಲ್ಲಿಗೆ ಹೆಚ್ಚು ನೆಲ. ಒಬ್ಬೊಬ್ಬರೇ ಕೊಲ್ಲಿಯಾಚೆ ಡಕ್ಸ್‌ಬರಿ, ಮಾರ್ಷ್‌ಫೀಲ್ಡ್ ಎಂದು ಚದುರಿದರು. 1632ರ ಪುಟದಲ್ಲಿ ಬ್ರ್ಯಾಡ್‌ಫರ್ಡ್ ಇದನ್ನು ಬರೆಯುವಾಗ ಅವನ ದನಿಯೇ ಬೇರೆ. ದೊಡ್ಡ ಹಿಡುವಳಿಯಿಲ್ಲದೆ ಬದುಕಲಾಗದೆಂದು ಎಲ್ಲರೂ ತಿಳಿಯುತ್ತಿದ್ದಾರೆ, ಇದು ನಾಡಿಗೇ ಕೇಡು ತಂದೀತೆಂದು ಅಂಜುತ್ತಾನೆ. 1644ರಲ್ಲಿ ಮತ್ತೊಂದು ಗುಂಪು ನಾಸೆಟ್ ಕಡೆ ಹೊರಟಾಗ, ಉಳಿದ ಚರ್ಚನ್ನು ಮಕ್ಕಳು ಬಿಟ್ಟುಹೋದ ಮುದಿತಾಯಿಗೆ ಹೋಲಿಸುತ್ತಾನೆ. 1623ರಲ್ಲಿ ಹಸಿವು ನೀಗಿಸಿದ ಮದ್ದೇ ಇಪ್ಪತ್ತು ವರ್ಷದಲ್ಲಿ ಊರನ್ನು ಒಡೆಯಿತೆಂದು ಅವನು ಬಿಡಿಸಿ ಹೇಳುವುದಿಲ್ಲ; ಆದರೆ ಎರಡನ್ನೂ ಮುಚ್ಚುಮರೆಯಿಲ್ಲದೆ ಬರೆದಿಟ್ಟಿದ್ದಾನೆ. ಅದಕ್ಕೇ ಇವನು ದೊಡ್ಡ ಚರಿತ್ರಕಾರ. ತೀರ್ಪು ತಪ್ಪಿದಲ್ಲೂ ಸಾಕ್ಷ್ಯವನ್ನು ಅಳಿಸುವುದಿಲ್ಲ.

ಮೊದಲ ಭಾಗದ ವಲಸೆಯ ಕಥೆ ಚೆನ್ನ, ಎರಡನೆಯ ಭಾಗ ಲೆಕ್ಕಪತ್ರಗಳ ಒಣ ವರದಿ ಎಂಬ ಅಭಿಪ್ರಾಯವಿದೆ. ಆಲರ್ಟನ್ ಮಾಡಿದ ಲೆಕ್ಕದ ಗೋಜಲು ಪುಟಗಟ್ಟಲೆ ಹರಿದಿರುವುದು ನಿಜವೇ. ಆದರೂ ನನಗೆ ಎರಡನೆಯ ಭಾಗವೇ ಹೆಚ್ಚು ಮನುಷ್ಯರದೆನಿಸಿತು. ಹಡಗು ಹತ್ತುವಾಗ ಎಲ್ಲರೂ ವೀರರು. ಬೇಲಿ ಹಾಕುವಾಗ ಗುಣ ತಿಳಿಯುತ್ತದೆ. ಹಸ್ತಪ್ರತಿಯ ಕೊನೆಯಲ್ಲಿ 1647, 1648 ಎಂಬ ಎರಡು ವರ್ಷಗಳ ಶೀರ್ಷಿಕೆ ಮಾತ್ರ ಇದೆ. ಕೆಳಗೆ ಒಂದಕ್ಷರವೂ ಇಲ್ಲ. ಮುದುಕನಾದ ಗವರ್ನರನು ಆ ಹೊತ್ತಿಗೆ ಹೀಬ್ರೂ ಭಾಷೆ ಕಲಿಯಲು ಕೂತಿದ್ದ.

ಇಷ್ಟು ಓದಿದ ಮೇಲೆ ಮಿತ್ರರ ಮನೆಗೆ ಹೋಗಿ ಎರಡು ಪುಟಗಳನ್ನು ಒಟ್ಟಿಗೆ ತೋರಿಸಿದೆ, 1623ರದು ಮತ್ತು 1632ರದು. ಅವರು ಕನ್ನಡಕ ಏರಿಸಿ ಎರಡನ್ನೂ ಓದಿ, "ಹಾಗಾದರೆ ನಮ್ಮ ಸೊಸೈಟಿಗೆ ಏನು ಮಾಡಬೇಕಂತೀರಿ?" ಎಂದರು. ಮನೆ ಅವರವರದಿರಲಿ, ಅಂಗಳ ಎಲ್ಲರದಿರಲಿ ಎಂದೆ. ಇನ್ನೊಂದು ಮಾತನ್ನೂ ಸೇರಿಸಿದೆ. ನಾವು ಕಟ್ಟಬೇಕೆಂದಿರುವ ಜಾಗ ಮೊದಲು ಯಾರ ಹೊಲವಾಗಿತ್ತು, ಅವರಿಗೆ ಪರಿಹಾರ ಸರಿಯಾಗಿ ಮುಟ್ಟಿದೆಯೇ ಎಂದು ಪಹಣಿ ತೆಗೆಸಿ ನೋಡೋಣ. ಪ್ಲಿಮತ್ತಿನ ಕಥೆಯೂ ನಮ್ಮದೂ ಒಂದೇ ಅಲ್ಲ. ಆದರೆ ಆ ಪ್ರಶ್ನೆ ಕೇಳಲು ಯಾರೂ ಗವರ್ನರ್ ಆಗಬೇಕಿಲ್ಲ. ಮಿತ್ರರು ಒಪ್ಪಿದ್ದಾರೆ. ಅರ್ಜಿ ನಾನೇ ಬರೆಯುತ್ತಿದ್ದೇನೆ.